ರಜೆಯ ದಿನ ಕರೆಯಿರಿ, ಆದರೆ ಕಾರಣ ಕೇಳಬೇಡಿ

ಡ್ಯೂಟಿ ಚಾರ್ಟ್ ಬರೆಯುವವರಿಗೆ, ಅದಕ್ಕೆ ಸಹಿ ಹಾಕುವವರಿಗೆ,

ನಮಸ್ಕಾರ.

ನಾನು ವಾರ್ಡ್‌ನಲ್ಲಿ ಶಿಫ್ಟ್ ಡ್ಯೂಟಿ ಮಾಡುವ ನರ್ಸ್. ಆದರೆ ಈ ಪತ್ರ ಆಸ್ಪತ್ರೆಯವರಿಗೆ ಮಾತ್ರ ಅಲ್ಲ. ಅಂಗಡಿ, ಹೋಟೆಲ್, ಕಾರ್ಖಾನೆ, ಕಾಲ್ ಸೆಂಟರ್, ಗೋದಾಮು, ಸೆಕ್ಯೂರಿಟಿ, ಎಲ್ಲೆಲ್ಲಿ ಗೋಡೆಗೆ ಅಂಟಿಸಿದ ಒಂದು ಚಾರ್ಟ್ ನೋಡಿ ಜನ ಕೆಲಸಕ್ಕೆ ಬರುತ್ತಾರೋ ಅಲ್ಲೆಲ್ಲ ಇದೇ ಮಾತು. ವೀಕ್ಲಿ ಆಫ್ ದಿನ ಬೆಳಗ್ಗೆ ಫೋನ್ ಬರುತ್ತದೆ. "ಇವತ್ತು ಒಬ್ಬರು ಬಂದಿಲ್ಲ, ಸ್ವಲ್ಪ ಬಂದು ಹೋಗ್ತೀರಾ?"

ಫೋನ್ ಮಾಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಜನರಿಗೆ ಜ್ವರ ಬರುತ್ತದೆ, ಮಗು ಬೀಳುತ್ತದೆ, ಗಾಡಿ ಕೆಡುತ್ತದೆ. ಆಗ ಯಾರನ್ನಾದರೂ ಕೇಳಲೇಬೇಕು. ಹಾಗೆ ಕೇಳಿದಾಗ ನಮ್ಮಲ್ಲಿ ಎಷ್ಟೋ ಜನ ಖುಷಿಯಿಂದ ಬಂದಿದ್ದೇವೆ, ಮುಂದೆಯೂ ಬರುತ್ತೇವೆ. ನಾನು ಕೇಳುವುದು ಬೇರೆ. "ಇವತ್ತು ಆಗಲ್ಲ" ಎಂದು ನಾವು ಹೇಳಿದ ಮೇಲೆ ಕಾರಣ ಕೇಳಬೇಡಿ.

ಇದು ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಎಲ್ಲ ತೊಂದರೆಯೂ ಅಲ್ಲೇ ಶುರುವಾಗುತ್ತದೆ.

"ಯಾಕೆ? ಏನು ಕೆಲಸ ಇದೆ? ಊರಲ್ಲೇ ಇದ್ದೀರಾ ಅಲ್ವಾ?" ಈ ಮೂರು ಪ್ರಶ್ನೆ ಯಾವ ಕ್ರಮದಲ್ಲಿ ಬರುತ್ತವೆ ಎಂಬುದು ನಮಗೆ ಬಾಯಿಪಾಠ. ಕೇಳುವವರಿಗೆ ಅದು ಮಾತಿನ ಓಘದಲ್ಲಿ ಬಂದ ಪ್ರಶ್ನೆ ಇರಬಹುದು. ಆದರೆ ಅದನ್ನು ಕೇಳಿದ ಕ್ಷಣ ನನ್ನ ರಜೆ ನನ್ನದಾಗಿ ಉಳಿಯುವುದಿಲ್ಲ. ಅದಾಗಲೇ ಚಾರ್ಟ್‌ನಲ್ಲಿ ಬರೆದು, ಸಹಿ ಆಗಿ, ಆರು ದಿನ ದುಡಿದು ಪಡೆದ ದಿನ. ನೀವು ಕಾರಣ ಕೇಳಿದಾಗ ಅದನ್ನೇ ನಾನು ಇನ್ನೊಮ್ಮೆ ಅರ್ಜಿ ಹಾಕಿ ಪಡೆಯಬೇಕಾಗುತ್ತದೆ. ನನ್ನ ಕಾರಣ ಸಾಕೋ ಸಾಲದೋ ಎಂದು ನೀವು ತೀರ್ಮಾನ ಮಾಡುತ್ತೀರಿ. ಫೋನ್‌ನಲ್ಲಿ, ಅರ್ಧ ನಿಮಿಷದಲ್ಲಿ.

ಆ ತೀರ್ಮಾನಕ್ಕೂ ಒಂದು ಅಳತೆ ಇದೆ. ಮನೆಯಲ್ಲಿ ಯಾರಿಗೋ ಆಪರೇಷನ್ ಎಂದರೆ ಒಪ್ಪುತ್ತೀರಿ. ಹತ್ತಿರದವರ ಮದುವೆ ಎಂದರೆ ಒಪ್ಪುತ್ತೀರಿ. ಮಗುವಿನ ಶಾಲೆಯ ಕಾರ್ಯಕ್ರಮ ಎಂದರೆ "ಮುಗಿಸಿಕೊಂಡು ಬನ್ನಿ" ಎನ್ನುತ್ತೀರಿ. ಬಟ್ಟೆ ಒಗೆಯಬೇಕು ಎಂದರೆ ನಗುತ್ತೀರಿ. ನಿದ್ದೆ ಮಾಡಬೇಕು ಎಂದರೆ ಸುಮ್ಮನಾಗುತ್ತೀರಿ, ಆ ಮೌನದಲ್ಲಿ ಅಸಮಾಧಾನ ಕೇಳಿಸುತ್ತದೆ. "ಏನೂ ಇಲ್ಲ, ಸುಮ್ನೆ ಮನೆಯಲ್ಲಿ ಇರ್ತೀನಿ" ಎಂದು ಧೈರ್ಯವಾಗಿ ಹೇಳಿದವರನ್ನು ನಾನು ಇಲ್ಲಿಯವರೆಗೆ ನೋಡಿಲ್ಲ. ವಾರದ ರಜೆ ಇರುವುದೇ ಅದಕ್ಕೆ. ಸುಮ್ಮನೆ ಇರುವುದಕ್ಕೆ, ಮಲಗುವುದಕ್ಕೆ, ಬಟ್ಟೆ ಒಗೆಯುವುದಕ್ಕೆ. ಯಾವ ಕೆಲಸಕ್ಕಾಗಿ ಆ ದಿನ ಇದೆಯೋ, ಅದನ್ನೇ ಕಾರಣವಾಗಿ ಹೇಳುವಂತಿಲ್ಲ.

ಆಮೇಲೆ ಏನಾಗುತ್ತದೆ? ಸುಳ್ಳು ಶುರುವಾಗುತ್ತದೆ. ಊರಲ್ಲಿ ಇಲ್ಲ, ನೆಂಟರು ಬಂದಿದ್ದಾರೆ, ನನಗೇ ಜ್ವರ. ನಮ್ಮ ಜೊತೆ ಕೆಲಸ ಮಾಡುವವರು ಸುಳ್ಳು ಹೇಳುವ ಸ್ವಭಾವದವರಲ್ಲ. ಔಷಧಿ ಒಂದು ಮಿಲಿಲೀಟರ್ ಜಾಸ್ತಿ ಹೋದರೂ ತಾವಾಗಿಯೇ ಬಂದು ಹೇಳುವವರು. ಅಂಥವರ ಬಾಯಲ್ಲಿ ವಾರಕ್ಕೊಂದು ಸುಳ್ಳು ಬರುವ ಹಾಗೆ ಮಾಡಿದ್ದು ಆ ಒಂದು ಪ್ರಶ್ನೆ. ಇನ್ನು ಕೆಲವರು ಫೋನ್ ಸ್ವಿಚ್ ಆಫ್ ಮಾಡುತ್ತಾರೆ. ಆಗ ಅವರ ಮನೆಯವರಿಗೂ ಅವರು ಸಿಗುವುದಿಲ್ಲ. ಸುಳ್ಳೂ ಬಾರದ, ಸ್ವಿಚ್ ಆಫ್ ಮಾಡಲೂ ಮನಸ್ಸಿಲ್ಲದ ಒಬ್ಬಿಬ್ಬರು ಎಲ್ಲ ಕಡೆಯೂ ಇರುತ್ತಾರೆ. ಅವರೇ ಬರುತ್ತಾರೆ. ಪ್ರತಿ ಸಲ ಅವರೇ.

ಅವರು ಯಾರು ಎಂದು ನಿಮಗೂ ಗೊತ್ತು. ಕೆಲಸದ ಜಾಗಕ್ಕೆ ಹತ್ತಿರ ಮನೆ ಮಾಡಿದವರು. ಮದುವೆ ಆಗಿಲ್ಲದವರು ಅಥವಾ ಮಕ್ಕಳಿಲ್ಲದವರು, ಯಾಕೆಂದರೆ "ನಿಮಗೇನು ಮನೆಯಲ್ಲಿ ಕೆಲಸ" ಎಂದು ಅವರಿಗೆ ಸುಲಭವಾಗಿ ಹೇಳಬಹುದು. ಪ್ರೊಬೇಷನ್‌ನಲ್ಲಿ ಇರುವವರು. ಕಾಂಟ್ರ್ಯಾಕ್ಟ್ ಮೇಲೆ ಬಂದವರು. ಇವರ ಹೆಸರು ನಿಮ್ಮ ಫೋನ್‌ನಲ್ಲಿ ಮೊದಲು ಬರುತ್ತದೆ. ಪಟ್ಟಿಯ ಕೊನೆಯಲ್ಲಿ ಇರುವವರಿಗೆ ಕರೆ ಹೋಗುವುದೇ ಇಲ್ಲ, ಏಕೆಂದರೆ ಅವರು ಒಮ್ಮೆ ಗಟ್ಟಿಯಾಗಿ ಇಲ್ಲ ಎಂದಿದ್ದರು. ಹೀಗೆ ಒಂದೇ ಸಂಬಳಕ್ಕೆ ಒಬ್ಬರಿಗೆ ವಾರಕ್ಕೊಂದು ರಜೆ, ಇನ್ನೊಬ್ಬರಿಗೆ ತಿಂಗಳಿಗೆ ಎರಡು. ಯಾವ ದಾಖಲೆಯಲ್ಲೂ ಇದು ಕಾಣುವುದಿಲ್ಲ. ಚಾರ್ಟ್‌ನಲ್ಲಿ ಇಬ್ಬರ ಹೆಸರಿನ ಮುಂದೂ ನಾಲ್ಕು ಆಫ್ ಇರುತ್ತದೆ.

ವಾರಕ್ಕೊಂದು ರಜೆ ಎಂಬುದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಸವಲತ್ತು ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲೇ ಕಾರ್ಖಾನೆ ಕೆಲಸಗಾರರಿಗೆ ಏಳು ದಿನಕ್ಕೊಮ್ಮೆ ಕನಿಷ್ಠ 24 ಗಂಟೆ ಎಡೆಬಿಡದ ವಿಶ್ರಾಂತಿ ಸಿಗಬೇಕು ಎಂದು ಒಪ್ಪಂದ ಮಾಡಿತು. 1957ರಲ್ಲಿ ಅಂಗಡಿ ಮತ್ತು ಕಚೇರಿಗಳಿಗೂ ಅದನ್ನು ವಿಸ್ತರಿಸಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ವಿಶ್ರಾಂತಿಯನ್ನು ಹಕ್ಕು ಎಂದೇ ಹೇಳುತ್ತದೆ. ಭಾರತದ 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ರಜೆಯ ದಿನ ಕರೆಯುವ ಸಂದರ್ಭ ಬರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದರ 52ನೇ ಕಲಮಿನಲ್ಲಿ ಒಂದು ದಾರಿ ಇಟ್ಟರು. ವಾರದ ರಜೆಯಂದು ಕೆಲಸ ಮಾಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಒಂದು ಪೂರ್ತಿ ದಿನ ರಜೆ ಕೊಡಬೇಕಿತ್ತು. ಏನೇ ಆದರೂ ಪೂರ್ತಿ ದಿನದ ರಜೆ ಇಲ್ಲದೆ ಹತ್ತು ದಿನಕ್ಕಿಂತ ಜಾಸ್ತಿ ಒಂದೇ ಸಮನೆ ದುಡಿಸುವಂತಿರಲಿಲ್ಲ. ಅಂದರೆ ಬದಲಿ ರಜೆ ಯಾವತ್ತು ಎಂಬುದು ಕೆಲಸಕ್ಕೆ ಕರೆಯುವಾಗಲೇ ತೀರ್ಮಾನ ಆಗಬೇಕಿತ್ತು. "ಕಾಂಪ್ ಆಫ್ ಆಮೇಲೆ ನೋಡೋಣ" ಎಂಬ ಮಾತಿಗೆ ಅಲ್ಲಿ ಜಾಗ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನರ ಕಾಂಪ್ ಆಫ್ ಹಾಗೆ ನೋಡೋಣ ನೋಡೋಣ ಎನ್ನುತ್ತಲೇ ವರ್ಷದ ಕೊನೆಗೆ ಲ್ಯಾಪ್ಸ್ ಆಗಿದೆ, ಒಮ್ಮೆ ರಿಜಿಸ್ಟರ್ ತೆಗೆದು ನೋಡಿ.

ಕರೆ ಬಂದಿತು, ಆಗಲ್ಲ ಎಂದೆ, ಮುಗಿಯಿತಲ್ಲ, ಅದರಲ್ಲಿ ಏನು ಕಷ್ಟ ಎಂದು ಕೇಳುವವರಿದ್ದಾರೆ. ಕಷ್ಟ ಕರೆಗೆ ಮುಂಚೆಯೇ ಇರುತ್ತದೆ. ಯಾರಿಗೆ ಪದೇ ಪದೇ ಕರೆ ಬರುತ್ತದೋ ಅವರು ರಜೆಯ ದಿನ ಎದ್ದ ಕೂಡಲೇ ಫೋನ್ ನೋಡುತ್ತಾರೆ. ಬೆಳಗಿನ ಶಿಫ್ಟ್ ಶುರುವಾಗುವ ಹೊತ್ತು ಕಳೆಯುವವರೆಗೆ ಒಂದು ತಳಮಳ. ಅದು ಕಳೆದರೆ ಮಧ್ಯಾಹ್ನದ ಶಿಫ್ಟ್‌ಗೆ ಕರೆದರೆ ಎಂಬ ಯೋಚನೆ. ಆಮೇಲೆ ರಾತ್ರಿಯದು. ದೂರ ಹೋಗುವ ಕಾರ್ಯಕ್ರಮ ಹಾಕಿಕೊಳ್ಳುವುದಿಲ್ಲ. ಕರೆ ಬಾರದಿದ್ದರೂ ಆ ದಿನ ಹಾಳು. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ್ ಸೊನೆಂಟಾಗ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ದೇಹ ಮನೆಯಲ್ಲಿದ್ದರೆ ಸಾಲದು, ಮನಸ್ಸೂ ಕೆಲಸದಿಂದ ಬಿಡಿಸಿಕೊಳ್ಳಬೇಕು, ಆಗಲೇ ದಣಿವು ಇಳಿಯುತ್ತದೆ ಎಂಬುದು ಆ ಅಧ್ಯಯನಗಳ ಸಾರ.

ಈ ಕಾಯುವಿಕೆಯನ್ನು ನ್ಯಾಯಾಲಯವೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಬೆಲ್ಜಿಯಂನ ನಿವೆಲ್ ಪಟ್ಟಣದಲ್ಲಿ ಅಗ್ನಿಶಾಮಕ ದಳದ ಒಬ್ಬರು ಸ್ಟ್ಯಾಂಡ್‌ಬೈ ದಿನಗಳಲ್ಲಿ ಮನೆಯಲ್ಲೇ ಇರುತ್ತಿದ್ದರು, ಆದರೆ ಕರೆ ಬಂದ ಎಂಟು ನಿಮಿಷದೊಳಗೆ ಠಾಣೆ ಮುಟ್ಟಬೇಕಿತ್ತು. ಇಷ್ಟು ಬಿಗಿಯಾಗಿ ಕಟ್ಟಿಹಾಕಿದ ಸಮಯ ಕೆಲಸದ ಸಮಯವೇ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ನಮ್ಮನ್ನು ಯಾರೂ ಕಾಗದದ ಮೇಲೆ ಸ್ಟ್ಯಾಂಡ್‌ಬೈ ಇಟ್ಟಿಲ್ಲ, ನಿಜ. ಆದರೆ ಪ್ರತಿ ವಾರ ಕರೆ ಬರುವವರ ದಿನ ಅದಕ್ಕಿಂತ ಎಷ್ಟು ಬೇರೆ?

ಬಂದವರ ಸ್ಥಿತಿಯನ್ನೂ ಯೋಚಿಸಿ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಹೋದವರನ್ನು ಮಧ್ಯಾಹ್ನಕ್ಕೆ ವಾಪಸ್ ಕರೆಯುವುದುಂಟು. 17 ಗಂಟೆ ಒಂದೇ ಸಮನೆ ಎಚ್ಚರವಾಗಿದ್ದವರ ಕೈ, ಕಣ್ಣು, ಯೋಚನೆ ನಿಧಾನವಾಗುವುದು ರಕ್ತದಲ್ಲಿ 0.05 ಶೇಕಡ ಮದ್ಯ ಇರುವವರಷ್ಟೇ ಎಂದು 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಹಲವು ದೇಶಗಳಲ್ಲಿ ಅಷ್ಟು ಕುಡಿದವರು ಗಾಡಿ ಓಡಿಸುವಂತಿಲ್ಲ. ನಮ್ಮ ಕೈಗೆ ಸಿರಿಂಜ್ ಕೊಡುತ್ತೀರಿ. 2004ರಲ್ಲಿ ಅಮೆರಿಕದ 393 ನರ್ಸ್‌ಗಳು ಬರೆದಿಟ್ಟ ದಾಖಲೆ ನೋಡಿದಾಗ, ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತಿನ ಡ್ಯೂಟಿಯಲ್ಲಿ ತಪ್ಪಾಗುವ ಸಂಭವ ಮೂರು ಪಟ್ಟು ಇತ್ತು. ಇಂಥ ಕಾರಣಕ್ಕೇ ಐರೋಪ್ಯ ಒಕ್ಕೂಟದ ನಿಯಮ ದಿನಕ್ಕೆ 11 ಗಂಟೆ ಎಡೆಬಿಡದ ವಿಶ್ರಾಂತಿ ಕೇಳುತ್ತದೆ. ಖಾಲಿ ಜಾಗ ತುಂಬಿತು ಎಂದು ಚಾರ್ಟ್‌ನಲ್ಲಿ ಟಿಕ್ ಹಾಕಬಹುದು. ಆದರೆ ಬಂದಿರುವುದು ಅರ್ಧ ಎಚ್ಚರದ ಮನುಷ್ಯ.

ಈಗ ಲೆಕ್ಕಕ್ಕೆ ಬರುತ್ತೇನೆ. ಇದು ಸಹಿ ಹಾಕುವವರಿಗೆ. ದಯವಿಟ್ಟು ಪೂರ್ತಿ ಓದಿ.

ಪ್ರತಿ ಶಿಫ್ಟ್‌ನಲ್ಲೂ ಇಬ್ಬರು ಇರಬೇಕು ಎಂದುಕೊಳ್ಳಿ. ದಿನಕ್ಕೆ ಮೂರು ಶಿಫ್ಟ್, ವಾರಕ್ಕೆ ಏಳು ದಿನ. ಒಟ್ಟು 42 ಶಿಫ್ಟ್. ಒಬ್ಬರು ವಾರಕ್ಕೆ ಆರು ಶಿಫ್ಟ್ ಮಾಡಿದರೆ ಏಳು ಜನ ಸಾಕು. ಹೆಚ್ಚಿನ ಕಡೆ ಮಂಜೂರಾಗುವುದು ಈ ಏಳೇ. ಕಾಗದದ ಮೇಲೆ ಎಲ್ಲ ಸರಿ ಹೋಗುತ್ತದೆ, ಎಲ್ಲರಿಗೂ ವೀಕ್ಲಿ ಆಫ್ ಇದೆ. ಆದರೆ ಆ ಏಳು ಜನರಿಗೆ ಬೇರೆ ರಜೆಯೂ ಇದೆಯಲ್ಲ. ಹಬ್ಬದ ರಜೆ, ಗಳಿಕೆ ರಜೆ, ಹುಷಾರಿಲ್ಲದಾಗ ಹಾಕುವ ರಜೆ ಎಲ್ಲ ಸೇರಿ ಒಬ್ಬರಿಗೆ ವರ್ಷಕ್ಕೆ 30 ದಿನ ಎಂದಿಟ್ಟುಕೊಂಡರೆ, ಏಳು ಜನರಿಗೆ 210 ದಿನ. ಅಂದರೆ ವರ್ಷಕ್ಕೆ 210 ಶಿಫ್ಟ್ ಖಾಲಿ. ವಾರಕ್ಕೆ ನಾಲ್ಕು. ಯಾರೂ ಕಳ್ಳಾಟ ಆಡದೆ, ಯಾರೂ ಹೇಳದೆ ಕೇಳದೆ ತಪ್ಪಿಸಿಕೊಳ್ಳದೆ, ಎಲ್ಲರೂ ತಮ್ಮ ಹಕ್ಕಿನ ರಜೆ ಮಾತ್ರ ತೆಗೆದುಕೊಂಡರೂ ವಾರಕ್ಕೆ ನಾಲ್ಕು ಸಲ ಯಾರದೋ ವೀಕ್ಲಿ ಆಫ್ ಮುರಿಯಲೇಬೇಕು, ಅಥವಾ ಯಾರೋ ಡಬಲ್ ಡ್ಯೂಟಿ ಮಾಡಲೇಬೇಕು. ಎಂಟನೆಯ ಒಬ್ಬ ರಿಲೀವರ್ ಇದ್ದರೆ ಈ ನಾಲ್ಕೂ ಅವರ ವಾರದ ಆರು ಶಿಫ್ಟ್‌ನೊಳಗೆ ಬರುತ್ತಿತ್ತು. ಅವರಿಗೂ ಉಸಿರಾಡಲು ಜಾಗ ಉಳಿಯುತ್ತಿತ್ತು.

ಹಾಗಾಗಿ ರಜೆಯ ದಿನ ಬರುವ ಕರೆಯಲ್ಲಿ ಬಹುಪಾಲು ಅನಿರೀಕ್ಷಿತ ಅಲ್ಲ. ಯಾವ ದಿನ, ಯಾರ ಜಾಗ ಎಂಬುದು ಗೊತ್ತಿರುವುದಿಲ್ಲ, ಅಷ್ಟೇ. ವಾರಕ್ಕೆ ನಾಲ್ಕು ಬರುತ್ತದೆ ಎಂಬುದು ಚಾರ್ಟ್ ಬರೆದ ದಿನವೇ ಗೊತ್ತಿರುತ್ತದೆ. ಎಂಟನೆಯವರ ಸಂಬಳ ಉಳಿಸಿ, ಅವರ ಕೆಲಸವನ್ನು ಏಳು ಜನರ ರಜೆಯಿಂದ ತೆಗೆಯುವ ಏರ್ಪಾಡು ಇದು. ಈ ಕೊರತೆಗೆ ಕಾರಣ ನಿಮ್ಮ ಕಡೆ ಇರುವಾಗ, ಬಾರದಿರುವುದಕ್ಕೆ ನನ್ನ ಹತ್ತಿರ ಕಾರಣ ಕೇಳುವುದು ನ್ಯಾಯವೇ?

ಚಾರ್ಟ್ ಬರೆಯುವ ಇನ್‌ಚಾರ್ಜ್‌ಗಳ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಮೇಲಿನಿಂದ ಒತ್ತಡ. ಬೆಳಗ್ಗೆ ಐದೂವರೆಗೆ ಯಾರೋ ಬರುವುದಿಲ್ಲ ಎಂದು ಮೆಸೇಜ್ ಹಾಕುತ್ತಾರೆ, ಏಳಕ್ಕೆ ಶಿಫ್ಟ್ ಶುರು. ಒಬ್ಬರ ಹಿಂದೆ ಒಬ್ಬರಿಗೆ ಫೋನ್ ಮಾಡುತ್ತಾ, ಬೇಡಿಕೊಳ್ಳುತ್ತಾ, ಬೈಸಿಕೊಳ್ಳುತ್ತಾ ಅವರ ಬೆಳಗು ಕಳೆಯುತ್ತದೆ. ಎಷ್ಟೋ ಸಲ ಅದು ಅವರದೂ ರಜೆಯ ದಿನವೇ ಆಗಿರುತ್ತದೆ. ಅವರ ಕೈಗೆ ಏಳು ಜನ ಕೊಟ್ಟು ಎಂಟು ಜನರ ಕೆಲಸ ಮಾಡಿಸಿ ಎಂದವರು ಬೇರೆ. ಆದರೂ ಆ ಫೋನ್ ಮಾಡುವುದು ಅವರೇ ಆದ್ದರಿಂದ, ಆ ಮಾತು ಹೇಗಿರಬೇಕು ಎಂಬುದು ಅವರ ಕೈಯಲ್ಲೇ ಇದೆ.

ಎಲ್ಲಕ್ಕಿಂತ ನೋವು ಕೊಡುವ ಮಾತು ಇನ್ನೊಂದಿದೆ. "ನೀವು ಬರದಿದ್ದರೆ ನಿಮ್ಮ ಜೊತೆಯವರೇ ಒದ್ದಾಡ್ತಾರೆ, ನೋಡಿ." ಇದು ಸುಳ್ಳಲ್ಲ. ಅದಕ್ಕೇ ಅಷ್ಟು ನೋವಾಗುವುದು. ಒಬ್ಬರು ಕಡಿಮೆ ಇರುವ ಶಿಫ್ಟ್ ಹೇಗಿರುತ್ತದೆ ಎಂದು ನನಗೆ ಗೊತ್ತು. ನೀರು ಕುಡಿಯಲು ಬಿಡುವಿಲ್ಲ. ಒಂದು ಬೆಡ್‌ನಲ್ಲಿ ಇದ್ದಾಗ ಇನ್ನೊಂದು ಬೆಡ್‌ನಿಂದ ಕೂಗು. ರೋಗಿಯ ಕಡೆಯವರು ಬೈಯುವುದು ಎದುರಿಗೆ ಇರುವವರನ್ನು. ಹಾಗಿರುವಾಗ ನನ್ನ ಗೆಳತಿ ಅಲ್ಲಿ ಓಡುತ್ತಿದ್ದಾಳೆ ಎಂದು ಗೊತ್ತಿದ್ದೂ ಮನೆಯಲ್ಲಿ ಕೂರುವುದು ಸುಲಭವಲ್ಲ. ಆ ಮಾತು ಹೇಳಿದಾಗ ಎಷ್ಟೋ ಜನ ಚಪ್ಪಲಿ ಮೆಟ್ಟಿ ಹೊರಟೇ ಬಿಡುತ್ತಾರೆ.

ಆದರೆ ಅದರಿಂದ ಏನಾಗುತ್ತದೆ ಎಂದು ನೋಡಿ. ಆ ಶಿಫ್ಟ್ ಮಾಡಿದವಳಿಗೆ ಸಿಟ್ಟು ಬರುವುದು ಬಾರದ ನನ್ನ ಮೇಲೆ. ಎಂಟನೆಯ ಜಾಗ ತುಂಬದವರ ಮೇಲೆ ಅಲ್ಲ. ಮುಂದಿನ ವಾರ ಅವಳ ರಜೆಯಲ್ಲಿ ಕರೆ ಬಂದಾಗ ಅವಳು ಬಾರದಿದ್ದರೆ ನನಗೆ ಸಿಟ್ಟು. ಒಟ್ಟಿಗೆ ಕೂತು ಊಟ ಮಾಡುತ್ತಿದ್ದವರು ಎರಡು ಗುಂಪಾಗುತ್ತಾರೆ, ಬರುವವರು ಮತ್ತು ಬಾರದವರು. ಹ್ಯಾಂಡೋವರ್ ಕೊಡುವಾಗ, ಅಂದರೆ ಮುಂದಿನ ಶಿಫ್ಟ್‌ನವರಿಗೆ ರೋಗಿಗಳ ವಿವರ ಒಪ್ಪಿಸುವಾಗ, ಮಾತು ಕಡಿಮೆಯಾಗುತ್ತದೆ. ನಮ್ಮ ಕೆಲಸದಲ್ಲಿ ಹ್ಯಾಂಡೋವರ್ ಮಾತು ಕಡಿಮೆಯಾದರೆ ರೋಗಿಗೆ ಅಪಾಯ. ಹಾಗಾಗಿ ಜೊತೆಯವರ ಹೆಸರು ಹೇಳಿ ಕರೆಯಬೇಡಿ. ಕೆಲಸಕ್ಕೆ ಜನ ಬೇಕು ಎಂದು ಹೇಳಿ, ಸಾಕು.

ಕೆಲವರಿಗೆ ಈ ಕರೆ ಬೇಕು. ಇದನ್ನು ಮರೆತು ಬರೆದರೆ ತಪ್ಪಾಗುತ್ತದೆ. ಓಟಿ (ಓವರ್‌ಟೈಮ್) ದುಡ್ಡಿನಲ್ಲಿ ಮಗುವಿನ ಫೀಸು ಕಟ್ಟುವವರಿದ್ದಾರೆ, ಸಾಲದ ಕಂತು ಕಟ್ಟುವವರಿದ್ದಾರೆ. ಅವರಿಗೆ ಫೋನ್ ಬಾರದಿದ್ದರೆ ಬೇಸರ. ಅದು ಅವರ ಇಷ್ಟ, ಅವರ ಲೆಕ್ಕ. ಹಾಗಿದ್ದರೆ ಅವರನ್ನೇ ಮೊದಲು ಕೇಳಬಹುದಲ್ಲ? ಅಮೆರಿಕದ ಒರೆಗಾನ್ ರಾಜ್ಯ 2017ರಲ್ಲಿ ಇಂಥದೇ ಒಂದು ಕಾನೂನು ಮಾಡಿತು. 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿ, ಹೋಟೆಲ್, ಆಹಾರ ಸೇವೆಗಳಿಗೆ ಅದು ಅನ್ವಯಿಸುತ್ತದೆ. ಚಾರ್ಟನ್ನು ಈಗ ಅಲ್ಲಿ 14 ದಿನ ಮೊದಲೇ ಕೊಡಬೇಕು. ಚಾರ್ಟ್‌ನಲ್ಲಿ ಇಲ್ಲದ ಶಿಫ್ಟ್‌ಗೆ ಕರೆದರೆ ನೌಕರರು ಒಲ್ಲೆ ಎನ್ನಬಹುದು. ಅದರ ಜೊತೆಗೆ, ಹೆಚ್ಚುವರಿ ಶಿಫ್ಟ್ ಬೇಕು ಎನ್ನುವವರು ತಾವಾಗಿಯೇ ಹೆಸರು ಬರೆಸುವ ಒಂದು ಸ್ಟ್ಯಾಂಡ್‌ಬೈ ಪಟ್ಟಿ ಇಟ್ಟುಕೊಳ್ಳಲು ಅವಕಾಶವಿದೆ. ಆ ಪಟ್ಟಿ ಸ್ವಂತ ಇಚ್ಛೆಯದು, ಬೇಡವೆನಿಸಿದಾಗ ಹೆಸರು ತೆಗೆಸಬಹುದು, ಪಟ್ಟಿಯಲ್ಲಿದ್ದರೂ ಕರೆದಾಗ ಬರಲೇಬೇಕೆಂದಿಲ್ಲ ಎಂದು ಮಾಲೀಕರು ಬರೆದು ತಿಳಿಸಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಹಾಳೆ ಸಾಕು. ನಾಳೆಯೇ ಶುರು ಮಾಡಬಹುದು.

ಒಲ್ಲೆ ಎಂದವರನ್ನು ಕಾಯುವ ಕಾನೂನು ಬೇರೆ ಕಡೆಯೂ ಬರುತ್ತಿದೆ. ಫ್ರಾನ್ಸ್‌ನಲ್ಲಿ ಒಬ್ಬ ಆಂಬುಲೆನ್ಸ್ ಸಿಬ್ಬಂದಿಯನ್ನು, ಕೆಲಸದ ಹೊತ್ತಿನ ಹೊರಗೆ ಸ್ವಂತ ಮೊಬೈಲ್‌ಗೆ ಮಾಡಿದ ಕರೆಗೆ ಸಿಗಲಿಲ್ಲ ಎಂದು ಕೆಲಸದಿಂದ ತೆಗೆದಿದ್ದರು. ಅದು ತಪ್ಪೇ ಅಲ್ಲ ಎಂದು ಅಲ್ಲಿನ ಮೇಲಿನ ನ್ಯಾಯಾಲಯ 2004ರಲ್ಲೇ ಹೇಳಿತು. ಆಂಬುಲೆನ್ಸ್ ಕೆಲಸಕ್ಕೂ ಆ ಮಾತು ನಿಂತಿತು ಎಂಬುದನ್ನು ಗಮನಿಸಿ. ಪೋರ್ಚುಗಲ್ 2021ರ ಕೊನೆಗೆ ಇನ್ನೂ ಮುಂದೆ ಹೋಯಿತು. ವಿಶ್ರಾಂತಿಯ ಹೊತ್ತಿನಲ್ಲಿ ನೌಕರರನ್ನು ಸಂಪರ್ಕಿಸಬಾರದು ಎಂಬ ಹೊಣೆಯನ್ನೇ ಮಾಲೀಕರ ಮೇಲೆ ಹೊರಿಸಿತು. ತಪ್ಪಿಸಲಾಗದ ಅನಾಹುತ ಬಂದಾಗ ಮಾತ್ರ ವಿನಾಯಿತಿ.

ನನಗೆ ತುಂಬಾ ಹಿಡಿಸಿದ್ದು ಆಸ್ಟ್ರೇಲಿಯಾದ ದಾರಿ. ಅಲ್ಲಿ 2024ರ ಆಗಸ್ಟ್ 26ರಿಂದ ಕೆಲಸದ ಹೊತ್ತಿನ ಹೊರಗೆ ಬಂದ ಕರೆ, ಮೆಸೇಜ್ ನೋಡದಿರಲು, ಉತ್ತರ ಕೊಡದಿರಲು ನೌಕರರಿಗೆ ಹಕ್ಕಿದೆ. 15ಕ್ಕಿಂತ ಕಡಿಮೆ ಜನರಿರುವ ಸಣ್ಣ ಉದ್ಯಮಗಳಿಗೆ ಒಂದು ವರ್ಷದ ನಂತರ ಅದು ಅನ್ವಯವಾಯಿತು. ಒಲ್ಲೆ ಎಂದದ್ದು ಸರಿಯೇ ಎಂದು ಜಗಳ ಬಂದರೆ ನೋಡುವ ಅಂಶಗಳಲ್ಲಿ ಕರೆ ಯಾಕೆ ಮಾಡಿದರು, ಹೇಗೆ ಮಾಡಿದರು, ಅದರಿಂದ ಎಷ್ಟು ಅಡ್ಡಿಯಾಯಿತು, ಆ ಹೊತ್ತಿಗೆ ದುಡ್ಡು ಕೊಡುತ್ತಾರಾ, ಆ ನೌಕರರ ಹುದ್ದೆ ಮತ್ತು ಜವಾಬ್ದಾರಿ ಏನು, ಮನೆಯ ಪರಿಸ್ಥಿತಿ ಏನು ಎಂಬುದೆಲ್ಲ ಸೇರಿದೆ. ಇಲ್ಲಿ ಮೊದಲು ಲೆಕ್ಕ ಕೊಡಬೇಕಾದವರು ಕರೆ ಮಾಡಿದವರು. ನಿಮ್ಮ ದೇಶದಲ್ಲಿ ಇಂಥ ಕಾನೂನು ಇರಲಿ ಇಲ್ಲದಿರಲಿ, ಫೋನ್ ಎತ್ತಿಕೊಳ್ಳುವ ಮೊದಲು ಈ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಇದೆಲ್ಲ ಕೇಳಲು ಚೆನ್ನ, ವ್ಯವಹಾರ ನಡೆಯಬೇಕಲ್ಲ ಎನ್ನುವವರಿಗೆ ಒಂದು ಉದಾಹರಣೆ. ಗ್ಯಾಪ್ ಎಂಬ ಬಟ್ಟೆ ಅಂಗಡಿಗಳ ದೊಡ್ಡ ಕಂಪನಿ 2015ರಲ್ಲಿ, ಕೊನೆ ಗಳಿಗೆಯವರೆಗೆ ನೌಕರರನ್ನು ಕಾಯಿಸುವ ಆನ್‌ಕಾಲ್ ಶಿಫ್ಟ್ ನಿಲ್ಲಿಸಿತು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊದ 28 ಅಂಗಡಿಗಳಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅವುಗಳಲ್ಲಿ ಕೆಲವು ಕಡೆ ಶಿಫ್ಟ್ ಹೊತ್ತು ದಿನದಿಂದ ದಿನಕ್ಕೆ ಬದಲಾಗದಂತೆ ನೋಡಿಕೊಂಡರು, ನೌಕರರೇ ತಮ್ಮ ತಮ್ಮಲ್ಲಿ ಶಿಫ್ಟ್ ಬದಲಿಸಿಕೊಳ್ಳಲು ಮೊಬೈಲ್ ಆ್ಯಪ್ ಕೊಟ್ಟರು. 2018ರಲ್ಲಿ ಫಲಿತಾಂಶ ಬಂತು. ಆ ಅಂಗಡಿಗಳ ಮಾರಾಟ ಉಳಿದವಕ್ಕೆ ಹೋಲಿಸಿದರೆ ಶೇಕಡ 7ರಷ್ಟು ಏರಿತ್ತು. ಕೆಲಸದ ಉತ್ಪಾದಕತೆ ಶೇಕಡ 5ರಷ್ಟು ಏರಿತ್ತು. ನೆಮ್ಮದಿಯಾಗಿ ಬಂದ ನೌಕರರು ಚೆನ್ನಾಗಿ ಕೆಲಸ ಮಾಡಿದರು, ಅಷ್ಟೇ.

ಹಾಗಾದರೆ ಕರೆ ಹೇಗಿರಬೇಕು? ನನಗೆ ಅನ್ನಿಸಿದ್ದು ಹೇಳುತ್ತೇನೆ. ಮೊದಲು ಮೆಸೇಜ್ ಹಾಕಿ, ಫೋನ್ ಬೇಡ. ಫೋನ್‌ನಲ್ಲಿ ನಿಮ್ಮ ದನಿ ಕೇಳಿದಾಗ ಯೋಚಿಸಲು ಹೊತ್ತು ಸಿಗುವುದಿಲ್ಲ, ಸಂಕೋಚಕ್ಕೆ ಹೂಂ ಎನ್ನುತ್ತೇವೆ. ಒಬ್ಬರಿಗೇ ಹಾಕಬೇಡಿ, ಆ ದಿನ ಆಫ್ ಇರುವ ಎಲ್ಲರಿಗೂ ಒಟ್ಟಿಗೆ ಹಾಕಿ. ಆದರೆ ರಾತ್ರಿ ಪಾಳಿ ಮುಗಿಸಿ ಹೋದವರನ್ನು ಬಿಟ್ಟುಬಿಡಿ. ಯಾವ ಶಿಫ್ಟ್, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಓಟಿ ಕೊಡುತ್ತೀರೋ ಬದಲಿ ರಜೆಯೋ, ಬದಲಿ ರಜೆ ಆದರೆ ಯಾವ ತಾರೀಖು, ಎಲ್ಲವೂ ಆ ಮೆಸೇಜ್‌ನಲ್ಲೇ ಇರಲಿ. "ಸ್ವಲ್ಪ ಹೊತ್ತು ಬಂದು ಹೋಗಿ" ಎಂದು ಕರೆದು ಪೂರ್ತಿ ಶಿಫ್ಟ್ ನಿಲ್ಲಿಸಬೇಡಿ. ಹೀಗೆ ಮಾಡಿದರೆ ಒಂದು ಸಲ ಬಂದವರು ಎರಡನೇ ಸಲ ಬರುವುದಿಲ್ಲ. ಉತ್ತರ ಬಾರದಿದ್ದರೆ ಅದನ್ನೇ ಇಲ್ಲ ಎಂದುಕೊಳ್ಳಿ. ಮನೆಯವರ ನಂಬರ್‌ಗೆ ಫೋನ್ ಮಾಡಬೇಡಿ. ಹಾಗೆ ಮಾಡುವವರೂ ಇದ್ದಾರೆ ಎಂದು ಹೇಳಲು ನನಗೆ ಬೇಸರವಾಗುತ್ತದೆ.

ಯಾರನ್ನು ಯಾವತ್ತು ಕರೆದಿರಿ, ಯಾರು ಬಂದರು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಬಾರದವರನ್ನು ಹಿಡಿಯುವುದಕ್ಕಲ್ಲ. ಒಬ್ಬರಿಗೇ ಪದೇ ಪದೇ ಕರೆ ಹೋಗುತ್ತಿದೆಯೇ ಎಂದು ನೋಡುವುದಕ್ಕೆ. ತಿಂಗಳ ಕೊನೆಗೆ ಆ ಪುಸ್ತಕವನ್ನು ಸಹಿ ಹಾಕುವವರ ಮುಂದೆ ಇಡಿ. ವಾರಕ್ಕೆ ನಾಲ್ಕು ಕರೆ ಅಂದರೆ ಒಬ್ಬ ರಿಲೀವರ್ ಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇವತ್ತು ಆ ಸಾಕ್ಷಿ ನಮ್ಮ ನಮ್ಮ ಫೋನ್‌ನ ಕಾಲ್ ಲಿಸ್ಟ್‌ನಲ್ಲಿ ಚದುರಿ ಹೋಗಿದೆ.

ಇಲ್ಲ ಎಂದವರ ಮೇಲೆ ಆಮೇಲೆ ಸೇಡು ತೀರಿಸಬೇಡಿ. ಇದನ್ನು ಬಿಡಿಸಿ ಹೇಳಲೇಬೇಕು. ಮುಂದಿನ ತಿಂಗಳು ಸಾಲಾಗಿ ನೈಟ್ ಹಾಕುವುದು, ಕೇಳಿದ ರಜೆಗೆ ಆಗಲ್ಲ ಎನ್ನುವುದು, ಅಪ್ರೈಸಲ್‌ನಲ್ಲಿ "ಸಹಕಾರ ಕಡಿಮೆ" ಎಂದು ಬರೆಯುವುದು, ಗಂಟೆ ಲೆಕ್ಕದ ನೌಕರರಾದರೆ ಶಿಫ್ಟ್ ಕಡಿಮೆ ಮಾಡುವುದು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಅರ್ಥವಾಗುತ್ತದೆ. ಒಬ್ಬರಿಗೆ ಹೀಗಾದರೆ ಸಾಕು, ಆಮೇಲೆ ಇಡೀ ವಾರ್ಡ್‌ನಲ್ಲಿ ಯಾರೂ ನಿಜವಾಗಿ ಒಪ್ಪಿ ಬರುವುದಿಲ್ಲ, ಹೆದರಿ ಬರುತ್ತಾರೆ.

ಜೊತೆ ಕೆಲಸಗಾರರಿಗೆ ಎರಡು ಮಾತು. ಬರಲಾಗದಿದ್ದರೆ "ಇವತ್ತು ಬರೋಕಾಗಲ್ಲ. ನಾಳೆ ನನ್ನ ಶಿಫ್ಟ್‌ಗೆ ಬರ್ತೀನಿ" ಎಂದು ಹೇಳಿ ನಿಲ್ಲಿಸಿ. ಅದರ ಮುಂದೆ ಏನೂ ಸೇರಿಸಬೇಡಿ. ಸುಳ್ಳು ಕಾರಣ ಹೇಳಿದರೆ ಅದನ್ನು ನೆನಪಿಡಬೇಕು, ಜೊತೆಗೆ ಮುಂದಿನ ಸಲ ಕಾರಣವಿಲ್ಲದವರಿಗೆ ಕಷ್ಟ. ಯಾಕೆ ಎಂದು ಮತ್ತೆ ಕೇಳಿದರೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ. ಬರುವ ಮನಸ್ಸಿದ್ದರೂ ಕೂಡಲೇ ಹೂಂ ಎನ್ನಬೇಡಿ, "ಹತ್ತು ನಿಮಿಷದಲ್ಲಿ ಹೇಳ್ತೀನಿ" ಎನ್ನಿ. ಬರುವುದಾದರೆ ಎಷ್ಟು ಗಂಟೆ, ಬದಲಿಗೆ ಏನು ಎಂಬುದನ್ನು ಮೆಸೇಜ್‌ನಲ್ಲಿ ತರಿಸಿಕೊಂಡು ಹೊರಡಿ. ಕಾಂಟ್ರ್ಯಾಕ್ಟ್‌ನಲ್ಲಿ ಆನ್‌ಕಾಲ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಬರೆದಿದ್ದರೆ ಮಾತು ಬೇರೆ, ಅದಕ್ಕೆ ಭತ್ಯೆ ಕೇಳಿ. ಬಾರದ ಜೊತೆಗಾರರನ್ನು ಮಾರನೇ ದಿನ "ನೀನ್ಯಾಕೆ ಬರಲಿಲ್ಲ" ಎಂದು ಕೇಳಬೇಡಿ. ಆ ಪ್ರಶ್ನೆ ಮೇಲಿನವರು ಕೇಳಿದರೂ ನಾವು ಕೇಳಿದರೂ ಒಂದೇ.

ದೊಡ್ಡ ಅಪಘಾತ, ಬೆಂಕಿ, ಪ್ರವಾಹ ಬಂದ ದಿನ ಈ ಯಾವ ಮಾತೂ ಅಡ್ಡ ಬರುವುದಿಲ್ಲ. ಅಂಥ ದಿನ ನೀವು ಕರೆಯುವ ಮುಂಚೆಯೇ ಸುದ್ದಿ ನೋಡಿ ಹೊರಟು ಬಂದವರನ್ನು ನೀವು ಕಂಡಿದ್ದೀರಿ. ಯಾರೂ ಓಟಿ ಕೇಳಲಿಲ್ಲ, ಬದಲಿ ರಜೆ ಕೇಳಲಿಲ್ಲ. ಆ ಮನಸ್ಸು ನಮ್ಮಲ್ಲಿ ಈಗಲೂ ಇದೆ. ಅದನ್ನು ವಾರಕ್ಕೆ ನಾಲ್ಕು ಸಲ, ಒಂದು ಹುದ್ದೆ ತುಂಬದ ಕಾರಣಕ್ಕೆ, ತುರ್ತು ಎಂದು ಹೇಳಿ ಖರ್ಚು ಮಾಡಬೇಡಿ.

ಮುಂದಿನ ತಿಂಗಳ ಚಾರ್ಟ್ ಇನ್ನೂ ಬರೆದಿಲ್ಲ ಎಂದುಕೊಂಡು ಒಂದು ಕೋರಿಕೆ. ಅದರ ಕೆಳಗೆ, ಸಹಿಯ ಮೇಲೆ, ಒಂದು ಸಾಲು ಸೇರಿಸಿ. "ವಾರದ ರಜೆಯಲ್ಲಿ ಇರುವವರನ್ನು ಕೆಲಸಕ್ಕೆ ಕೇಳಿದಾಗ ಅವರು ಒಲ್ಲೆ ಎನ್ನಬಹುದು, ಕಾರಣ ಕೊಡಬೇಕಾಗಿಲ್ಲ." ಆ ಹಾಳೆಯ ಪಕ್ಕದಲ್ಲೇ ಹೆಚ್ಚುವರಿ ಶಿಫ್ಟ್ ಬೇಕಾದವರು ಹೆಸರು ಬರೆಯಲು ಇನ್ನೊಂದು ಖಾಲಿ ಹಾಳೆ ಅಂಟಿಸಿ. ಅದರಲ್ಲಿ ಎಷ್ಟು ಹೆಸರು ಬರುತ್ತವೆ ಎಂದು ಒಂದು ತಿಂಗಳು ನೋಡಿ, ಆಮೇಲೆ ನಮ್ಮನ್ನು ಕರೆದು ಮಾತಾಡಿ. ನಾವು ಡ್ಯೂಟಿ ಮುಗಿದ ಮೇಲೆ ಕೂತು ಮಾತಾಡಲು ಸಿದ್ಧ.

ಇಂತಿ,
ನಿಮ್ಮ ಚಾರ್ಟ್‌ನಲ್ಲಿ ಹೆಸರಿರುವ ಒಬ್ಬ ನರ್ಸ್